ಮನೆ ಉಳೀತು, ಬೀದಿ ಉಳಿದೀತೇ?

ಮೈಸೂರಿನ ಯಾದವಗಿರಿಯ ವಿವೇಕಾನಂದ ರಸ್ತೆಗೆ ಹೋಗಿ 'ಆರ್.ಕೆ. ನಾರಾಯಣ್ ಮನೆ ಎಲ್ಲಿ ಸ್ವಾಮಿ?' ಅಂದರೆ ಯಾರಾದರೂ ಕೈ ತೋರಿಸುತ್ತಾರೆ. ಎರಡಂತಸ್ತಿನ ಬಿಳಿ ಮನೆ. ಮಹಡಿಯಲ್ಲಿ ಮುಂದಕ್ಕೆ ಚಾಚಿದ ಕೋಣೆ, ಅದರ ಸುತ್ತ ಸಾಲು ಕಿಟಕಿ. 2011ರ ಸೆಪ್ಟೆಂಬರ್‌ನಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು: 'ಅದೇ, ಕೆಡವ್ತಾ ಇದಾರಲ್ಲ, ಅದು!'

ಅಪಾರ್ಟ್‌ಮೆಂಟ್ ಕಟ್ಟುವ ಸಲುವಾಗಿ ಕೆಲಸ ಶುರುವಾಗಿತ್ತು. ಒಂದಷ್ಟು ಭಾಗ ನೆಲಕ್ಕೂ ಬಿದ್ದಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬಂದು ಗದ್ದಲವಾದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು, ಹಾರೆ ನಿಂತಿತು. ಕೊನೆಗೆ ನಗರಪಾಲಿಕೆ ಎರಡು ಕೋಟಿಗೂ ಮೀರಿದ ಹಣ ತೆತ್ತು ಮನೆ ಕೊಂಡುಕೊಂಡಿತು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ತೆರಿಗೆ ಹಣ ಯಾಕೆ ಎಂದು ಕೆಲವು ಸಾಹಿತಿಗಳು ತಕರಾರು ತೆಗೆದದ್ದೂ ಉಂಟು. ಸಾರ್ವಜನಿಕರ ದುಡ್ಡು, ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಇಷ್ಟು ಖರ್ಚು ಮಾಡಿ ಉಳಿಸಿಕೊಂಡದ್ದು ಏನನ್ನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ನಾರಾಯಣ್ ಕಿಟಕಿ ಮುಂದೆ ಕೂತು ಆಕಾಶ ನೋಡಿ ಬರೆದವರಲ್ಲ. ದಿನಾ ಊರು ಸುತ್ತಿದವರು. ಅಂಗಡಿಯವನು, ಗುಮಾಸ್ತ, ಮೇಷ್ಟ್ರು, ಇಂಥವರನ್ನೇ ಬೀದಿಯಲ್ಲಿ ಕಂಡು ಕತೆಗೆ ತಂದವರು. ಹಾಗಿರುವಾಗ ಬೀದಿಯನ್ನು ಬಿಟ್ಟು ಮನೆಯೊಂದನ್ನೇ ಉಳಿಸುವುದೆಂದರೆ, ಮರ ಕಡಿದು ಹಕ್ಕಿ ಗೂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗೆ.

ಈ ಸುತ್ತಿನ ಕತೆ ಒಬ್ಬರದೇ ಅಲ್ಲ. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಖಾಸಗಿ ಬಾನುಲಿ ಕೇಂದ್ರ ನಡೆಸಲು ಶುರುಮಾಡಿದ್ದು ಈಗಿನ ಆಕಾಶವಾಣಿ ಕಟ್ಟಡಕ್ಕೆ ಹತ್ತಿರದಲ್ಲೇ ಇದ್ದ ಸ್ವಂತ ಮನೆಯಲ್ಲಿ. ಪಕ್ಕದ ಒಂಟಿಕೊಪ್ಪಲಿನಲ್ಲಿ ಕುವೆಂಪು ಅವರ 'ಉದಯರವಿ'. ಪ್ಲೇಗಿನ ಏಟು ತಿಂದ ಮೈಸೂರಿಗೆ ಗಾಳಿ ಬೆಳಕು ಬೇಕೆಂದು 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲ ರಸ್ತೆ, ಮನೆ ಮುಂದೆ ಕೈತೋಟ, ಗೇಟಿನ ಬಳಿ ನಿಂತು ನಾಲ್ಕು ಮಾತಾಡುವ ಬಿಡುವು: ಇದು ಬಡಾವಣೆಗಳ ಲಕ್ಷಣವಾಗಿತ್ತು.

ಈಗ? ಒಬ್ಬರು ಮನೆ ಕೆಡವುತ್ತಾರೆ. ಪಕ್ಕದವರು ವರ್ಷ ಕಾದು ನೋಡಿ ತಾವೂ ಕೆಡವುತ್ತಾರೆ. ಮಾವಿನ ಮರ ಇದ್ದ ಕಡೆ ಕಾರು ನಿಲ್ಲಿಸುವ ಜಾಗ.

ಹಾಗಂತ ಮನೆಯವರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳು ಅಮೆರಿಕದಲ್ಲಿ, ಇಲ್ಲಿ ವಯಸ್ಸಾದ ಇಬ್ಬರು. ಮಳೆಗಾಲ ಬಂದರೆ ಹೆಂಚು ಸೋರುತ್ತದೆ, ಗೆದ್ದಲು ಹಿಡಿದ ಬಾಗಿಲು ರಿಪೇರಿ ಮಾಡುವ ಆಚಾರಿ ಸಿಗುವುದಿಲ್ಲ. 'ಪಾರಂಪರಿಕ ಮನೆ, ಮುಟ್ಟಬೇಡಿ' ಅನ್ನುವುದು ಸುಲಭ. ಸೋರುವ ಸೂರಿನ ಕೆಳಗೆ ಬಕೆಟ್ ಇಡುವವರು ಯಾರು?

ಮಾಡಬೇಕಾದ್ದು ದೊಡ್ಡದೇನಲ್ಲ. ಹಳೇ ಮನೆ ಹಾಗೇ ಉಳಿಸಿಕೊಂಡವರಿಗೆ ಕಂದಾಯದಲ್ಲಿ ರಿಯಾಯಿತಿ ಸಿಗಲಿ, ರಿಪೇರಿಗೆ ಕಡಿಮೆ ಬಡ್ಡಿಯ ಸಾಲ ಸಿಗಲಿ. ಕೆಡವಲು ಅರ್ಜಿ ಬಂದ ದಿನವೇ ಬಡಾವಣೆಯವರಿಗೆ ತಿಳಿಯಲಿ, ಹಾರೆ ಬಿದ್ದ ಮೇಲಲ್ಲ. ಹೊಸದು ಕಟ್ಟುವವರೂ ಮುಂದೆ ಒಂದು ಮರಕ್ಕೆ ಜಾಗ ಬಿಡಲಿ.

ಪ್ರತಿ ಸಲವೂ ಪಾಲಿಕೆ ಕೋಟಿ ಎಣಿಸಲಾರದು. ಎಣಿಸಿದರೂ ಬೀದಿಯನ್ನು ಕೊಳ್ಳಲಾಗುವುದಿಲ್ಲ. ಆ ಮಹಡಿಯ ಕಿಟಕಿಯಿಂದ ನೋಡಿದರೆ ನಾಳೆ ಕಾಣುವುದು ಮನುಷ್ಯರು ಓಡಾಡುವ ಯಾದವಗಿರಿಯೋ, ಎದುರಿನ ಗೋಡೆಯೋ? ಸಂಬಂಧಪಟ್ಟವರು ಒಮ್ಮೆ ಮಹಡಿ ಹತ್ತಿ ನೋಡಿ ಬರಲಿ.