ಮುಖ ದುಂಡಗಾಯಿತೆಂದು ಹಿಗ್ಗಬೇಡಿ

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿಯ ಗದ್ದೆ, ಜಗಳೂರಿನ ಮೆಕ್ಕೆಜೋಳದ ಹೊಲ: ಎಲ್ಲಿ ದುಡಿದವರಿಗೂ ಕೀಲುನೋವು ತಪ್ಪಿದ್ದಲ್ಲ. ಚೀಟಿಯಿಲ್ಲದೆ ಕೊಂಡ ಪುಟ್ಟ ಗುಳಿಗೆ ಎರಡೇ ದಿನದಲ್ಲಿ ನೋವು ಓಡಿಸಿದರೆ, ಅದು ಸ್ಟೀರಾಯ್ಡ್ ಇದ್ದೀತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿ ಸ್ರವಿಸುವ ಕಾರ್ಟಿಸಾಲಿನ ಕೃತಕ ರೂಪವಿದು; ಜೀವಕೋಶದೊಳಗೆ ಹೊಕ್ಕು ಊತ ಹುಟ್ಟಿಸುವ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಉಬ್ಬಸಕ್ಕೆ ಸಂಜೀವಿನಿ. 2020ರಲ್ಲಿ ಉಸಿರಾಡಲು ಆಮ್ಲಜನಕ ಬೇಕಾದ ಎಷ್ಟೋ ಕೋವಿಡ್ ರೋಗಿಗಳನ್ನು ಉಳಿಸಿದ ಡೆಕ್ಸಾಮೆಥಾಸೋನ್ ಇದೇ ಜಾತಿಯದು. ಮರುವರ್ಷ ರಾಜ್ಯದಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದಕ್ಕೆ ಇದರ ಮಿತಿಮೀರಿದ ಬಳಕೆಯೂ ಒಂದು ಕಾರಣ.

ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ. ನೆಂಟರು 'ಮೈ ತುಂಬಿಕೊಂಡಿದೆ' ಎನ್ನುತ್ತಾರೆ! ಒಳಗೆ ಮೂಳೆ ಟೊಳ್ಳಾಗುತ್ತಿರುತ್ತದೆ, ಸಕ್ಕರೆ ಏರುತ್ತಿರುತ್ತದೆ. ಹೆದರಿ ಒಮ್ಮೆಲೇ ಬಿಟ್ಟರೋ, ಇನ್ನೂ ಅಪಾಯ. ಹೊರಗಿನಿಂದ ಬರುತ್ತಿದೆಯಲ್ಲ ಎಂದು ಗ್ರಂಥಿ ಮಲಗಿಬಿಟ್ಟಿರುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುವುದು ಆ ಗ್ರಂಥಿ ಎಚ್ಚೆತ್ತುಕೊಳ್ಳಲೆಂದೇ.