ಹತ್ತಿರದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದ ಹಿರಿಯರು ಹತ್ತಿರದ ಬೆಟ್ಟದ ಬಗ್ಗೆ ಏನನ್ನೂ ಹೇಳಿ ಹೋಗಲಿಲ್ಲ. ಅದನ್ನು ತಿಳಿಯಬಯಸುವವರು ವಸಂತದ ಒಂದು ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ನಡೆಯುವ ಹಾಫ್ ಮ್ಯಾರಥಾನ್ ನೋಡಬೇಕು. ಏಳು ಬೆಟ್ಟಗಳ ಮೇಲೆ ಕಟ್ಟಿದ್ದೆಂದು ಹೆಮ್ಮೆಯಿಂದ ಹೇಳಿಕೊಳ್ಳುವ, ಒಂದು ಕಾಲಕ್ಕೆ ಉಕ್ಕಿಗೆ ಜಗತ್ಪ್ರಸಿದ್ಧವಾಗಿದ್ದ ಊರದು. 21.1 ಕಿಲೋಮೀಟರ್ ಓಟದ ಮೊದಲರ್ಧ ಬಹುಪಾಲು ಚಡಾವೇ. ನಗರದ ನಡುವಿನಿಂದ ಹೊರಟ ದಾರಿ ಎಕ್ಲೆಸಾಲ್ ರಸ್ತೆಯ ಅಂಗಡಿಸಾಲುಗಳನ್ನು ದಾಟಿ, ಪೀಕ್ ಡಿಸ್ಟ್ರಿಕ್ಟ್‌ನ ಅಂಚಿನಲ್ಲಿರುವ ರಿಂಗಿಂಗ್‌ಲೋ ಹಳ್ಳಿಯತ್ತ ಏರುತ್ತಲೇ ಹೋಗುತ್ತದೆ. ಮನೆಗಳು ಮುಗಿದು ಕಲ್ಲುಗೋಡೆಯ ಹೊಲಗಳು ಶುರುವಾಗುವ ಹೊತ್ತಿಗೆ ಓಟಗಾರರ ನಡುವಿನ ಹರಟೆ ನಿಂತಿರುತ್ತದೆ. ಏದುಸಿರೊಂದೇ ಕೇಳುತ್ತದೆ. ‘ಇದು ನನ್ನಿಂದಾಗದು’ ಎಂಬ ಮಾತು ಹುಟ್ಟುವುದು ಅಲ್ಲಿಯೇ.

ಆ ಮಾತಿಗೆ ಈ ಕಾಲದ ಬಳಿ ಒಂದು ಸಿದ್ಧ ಉತ್ತರವಿದೆ: ಎಲ್ಲವೂ ಮನಸ್ಸಿನಲ್ಲಿದೆ, ಗೋಡೆಯನ್ನು ಒಡೆದು ಮುನ್ನುಗ್ಗು. ಶೂ ಕಂಪನಿಗಳ ಜಾಹೀರಾತಿನಲ್ಲಿ, ಕಚೇರಿಯ ತರಬೇತಿ ಶಿಬಿರಗಳಲ್ಲಿ, ಅನಿವಾಸಿ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಮುಂಜಾನೆ ಬಂದು ಬೀಳುವ ಸೂರ್ಯೋದಯದ ಚಿತ್ರಗಳ ಮೇಲೆ ಈ ಉತ್ತರ ಕಾಣಿಸಿಕೊಳ್ಳುತ್ತದೆ. ಇದು ಪೂರ್ತಿ ಸುಳ್ಳಾಗಿದ್ದರೆ ತೊಂದರೆಯಿರಲಿಲ್ಲ. ಅರ್ಧ ನಿಜವಾದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕಾಗಿದೆ.

ನಿಜವಾದ ಅರ್ಧ ಸ್ವಾರಸ್ಯಕರವಾದದ್ದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೆನಿಸ್ ಪ್ರಾಫಿಟ್ ಮತ್ತು ಸಂಗಡಿಗರು 1995ರಲ್ಲಿ ಜನರನ್ನು ಏರುಗಳ ಬುಡದಲ್ಲಿ ನಿಲ್ಲಿಸಿ, ಇದು ಎಷ್ಟು ಕಡಿದಾಗಿದೆ ಎಂದು ಕೇಳಿದರು. ಬರೀ 5 ಡಿಗ್ರಿಯ ಏರನ್ನು ಜನ ಸುಮಾರು 20 ಡಿಗ್ರಿ ಎಂದರು. ದೀರ್ಘ ಓಟ ಮುಗಿಸಿ ದಣಿದು ಬಂದವರಿಗೆ ಅದೇ ಏರು ಇನ್ನೂ ಕಡಿದಾಗಿ ತೋರಿತು. ಬೆನ್ನಿಗೆ ಭಾರ ಹೊತ್ತವರಿಗೂ ಹಾಗೆಯೇ ಕಂಡಿತೆಂದು ಅದೇ ತಂಡ ಮುಂದೆ ವರದಿ ಮಾಡಿತು. ಈ ಭಾರದ ಪ್ರಯೋಗಕ್ಕೆ ಆಕ್ಷೇಪವೂ ಬಂದಿದೆ: ಪ್ರಯೋಗದ ಉದ್ದೇಶವನ್ನು ಊಹಿಸಿಕೊಂಡವರು ಅದಕ್ಕೆ ತಕ್ಕಂತೆ ಉತ್ತರಿಸಿದ್ದಾರೆ ಎಂದು ಬೇರೆ ವಿಜ್ಞಾನಿಗಳು ವಾದಿಸಿದರು. ಆ ಜಗಳ ಏನೇ ಇರಲಿ, ನಿಂತು ನೋಡುವ ಕಣ್ಣಿಗೆ ಏರು ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ.

ಇನ್ನೊಂದು ಪ್ರಯೋಗ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತವರ ಸಹೋದ್ಯೋಗಿಗಳು 16 ಜನರಿಗೆ ಒಂದು ದಿನ ಒಂದೂವರೆ ಗಂಟೆ ಕಂಪ್ಯೂಟರಿನ ಮುಂದೆ ಏಕಾಗ್ರತೆ ಬೇಡುವ ಕೆಲಸ ಕೊಟ್ಟರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಕೈಲಾಗದೆ ಬಿಡುವವರೆಗೂ ಸೈಕಲ್ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ಕೈಚೆಲ್ಲಿದರು. ಹೃದಯವಾಗಲಿ ಸ್ನಾಯುಗಳಾಗಲಿ ಅದಕ್ಕೆ ಕಾರಣವೆಂದು ತೋರಲಿಲ್ಲ. ಅದೇ ಶ್ರಮ ಅವರಿಗೆ ಹೆಚ್ಚೆನಿಸಿತ್ತು, ಅಷ್ಟೇ.

ಪ್ರೇರಣಾ ಭಾಷಣಕಾರರು ಇಷ್ಟನ್ನು ಕೇಳಿ, ಕಂಡಿರಾ, ಎಲ್ಲವೂ ಮನಸ್ಸಿನಲ್ಲಿದೆ ಎನ್ನುತ್ತಾರೆ. ಆದರೆ ಈ ಪ್ರಯೋಗ ಹೇಳುವುದು ಅದರ ತಿರುವುಮುರುವನ್ನು. ಮನಸ್ಸು ಆಜ್ಞೆ ಹೊರಡಿಸುವ ದೊರೆಯಲ್ಲ. ಅದೂ ದುಡಿದು ದಣಿಯುವ ಕೂಲಿ. ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳ ಮನಸ್ಸು, ವೀಸಾ ನವೀಕರಣದ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿರುವವನ ಮನಸ್ಸು, ಊರಿನಲ್ಲಿ ಆಸ್ಪತ್ರೆ ಸೇರಿದ ತಾಯಿಯ ಸುದ್ದಿಗಾಗಿ ನಡುರಾತ್ರಿ ಫೋನು ಹಿಡಿದು ಕೂತವರ ಮನಸ್ಸು ಓಟದ ಗೆರೆಗೆ ಬರುವ ಮೊದಲೇ ಒಂದು ಬೆಟ್ಟ ಹತ್ತಿ ಬಂದಿರುತ್ತದೆ. ಅಂಥವರಿಗೆ ‘ನಿನ್ನ ಸಂಕಲ್ಪ ಸಾಲದು’ ಎನ್ನುವುದು ಉಪದೇಶವಲ್ಲ, ಅವಮಾನ.

ಇಂಥ ಉಪದೇಶಗಳ ಅಚ್ಚುಮೆಚ್ಚಿನ ಕಥೆ ರೋಜರ್ ಬ್ಯಾನಿಸ್ಟರ್‌ನದು. ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡುವುದು ಅಸಾಧ್ಯವೆಂದು ಲೋಕ ನಂಬಿತ್ತು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಆತ 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ಮನಸ್ಸಿನ ಗೋಡೆ ಬಿದ್ದೊಡನೆ ಒಂದೇ ವರ್ಷದಲ್ಲಿ ಡಜನುಗಟ್ಟಲೆ ಜನ ಅದನ್ನು ದಾಟಿದರು ಎಂದು ಕಥೆ ಸಾಗುತ್ತದೆ. ನಿಜದಲ್ಲಿ ಮುಂದಿನ ಒಂದು ವರ್ಷದಲ್ಲಿ ಅದನ್ನು ದಾಟಿದ ಹೊಸಬ ಒಬ್ಬನೇ, ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ. ಅದಕ್ಕೂ ಹಿಂದೆ, 1945ರಲ್ಲೇ ಸ್ವೀಡನ್ನಿನ ಗುಂಡರ್ ಹೇಗ್ 4 ನಿಮಿಷ 1.4 ಸೆಕೆಂಡಿಗೆ ಬಂದು ನಿಂತಿದ್ದ. ಓಟಕ್ಕೆ ಹಣ ಪಡೆದನೆಂದು ಅವನನ್ನು ನಿಷೇಧಿಸಿದರು. ಯುರೋಪಿನ ಉಳಿದ ಯುವಕರು ಯುದ್ಧದಿಂದ ಆಗಷ್ಟೇ ಹೊರಬಂದಿದ್ದರು. ಒಂಬತ್ತು ವರ್ಷ ಆ ದಾಖಲೆ ಅಲುಗದಿದ್ದುದರ ಲೆಕ್ಕ ಕೇಳಬೇಕಾದದ್ದು ಓಟಗಾರರ ಮನಸ್ಸನ್ನಲ್ಲ. ಇನ್ನೊಂದು ಸಂಗತಿಯನ್ನೂ ಭಾಷಣಕಾರರು ಬಿಟ್ಟುಬಿಡುತ್ತಾರೆ. ಬ್ಯಾನಿಸ್ಟರ್ ಅಂದು ಒಬ್ಬನೇ ಓಡಲಿಲ್ಲ; ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಎಂಬಿಬ್ಬರು ಸರದಿಯಂತೆ ಮುಂದೆ ಓಡಿ ಅವನಿಗೆ ವೇಗ ಹಿಡಿದುಕೊಟ್ಟರು.

ಮನಸ್ಸಿನಲ್ಲಿ ಗೋಡೆಗಳಿಲ್ಲವೆಂದಲ್ಲ. ಆದರೆ ಅವನ್ನು ಕಟ್ಟಿದವರು ಯಾರೆಂಬುದು ಮುಖ್ಯ. ಕೆಲವು ದೇಹವೇ ಕಟ್ಟಿಕೊಂಡವು. ಎದೆ ಹಿಂಡಿದಾಗ, ಕಣ್ಣು ಕತ್ತಲಿಟ್ಟಾಗ, ಬಿಸಿಲಲ್ಲಿ ಬೆವರು ನಿಂತು ಮೈ ನಡುಗಿದಾಗ ‘ನಿಲ್ಲು’ ಎನ್ನುವ ದನಿ ಹೇಡಿತನದ್ದಲ್ಲ. ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚಿರುವ ದಕ್ಷಿಣ ಏಷ್ಯಾ ಮೂಲದವರು ಆ ದನಿಯನ್ನು ಮೀರುವುದನ್ನಲ್ಲ, ಕೇಳುವುದನ್ನು ಕಲಿಯಬೇಕು. ಏರುದಾರಿಯನ್ನು ಬಲ್ಲ ಓಟಗಾರರು ಅಲ್ಲಿ ಗಡಿಯಾರ ನೋಡುವುದಿಲ್ಲ. ಉಸಿರನ್ನು ನೋಡಿ ಹೆಜ್ಜೆ ಚಿಕ್ಕದಾಗಿಸುತ್ತಾರೆ, ಬೇಕೆನಿಸಿದರೆ ನಡೆಯುತ್ತಾರೆ. ಇಳಿಜಾರು ಬಂತೆಂದು ಹಿಗ್ಗುವುದೂ ಇಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯುವ ತೊಡೆಯ ಸ್ನಾಯು, ಆ ಲೆಕ್ಕವನ್ನು ಎರಡು ದಿನ ಬಿಟ್ಟು ಮನೆಯ ಮೆಟ್ಟಿಲ ಮೇಲೆ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಇನ್ನು ಕೆಲವು ಗೋಡೆಗಳು ಪರರು ಕಟ್ಟಿ ಕೈಗಿತ್ತವು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟದ ಕೊನೆಗೆ ಕೆಲವರು ಬಳಲಿದ್ದನ್ನೇ ದೊಡ್ಡದು ಮಾಡಿ, 1960ರವರೆಗೆ ಆ ಓಟವನ್ನೇ ತೆಗೆದುಹಾಕಿದರು. 1967ರ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಮೇಲೆ ಬಿದ್ದು ಆಕೆಯ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದರು. ಮಹಿಳಾ ಮ್ಯಾರಥಾನ್ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ. ಅಷ್ಟೂ ಕಾಲ ‘ಹೆಣ್ಣಿನ ಮೈಗೆ ಇದು ಆಗದು’ ಎಂಬ ಗೋಡೆ ಹೆಂಗಸರ ಮನಸ್ಸಿನಲ್ಲೂ ಇದ್ದಿರಬಹುದು. ಅದಕ್ಕೆ ಗಾರೆ ಕಲಸಿದವರು ಮಾತ್ರ ಬೇರೆ.

ಆ ಗಾರೆ ಸಮುದ್ರ ದಾಟಿ ಬಂದ ಕನ್ನಡದ ಮನೆಗಳಲ್ಲೂ ಒಣಗಿಲ್ಲ. ‘ಈ ವಯಸ್ಸಲ್ಲಿ ಚಡ್ಡಿ ಹಾಕ್ಕೊಂಡು ರಸ್ತೆ ಮೇಲೆ ಓಡೋದೇನ್ರೀ?’ ಎಂಬ ಪ್ರಶ್ನೆಯನ್ನು ಐವತ್ತು ದಾಟಿದ ಹೆಂಗಸು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೂ ಕೇಳಬೇಕಾಗುತ್ತದೆ. ಅದೇ ವಯಸ್ಸಿನ ಗಂಡಸಿಗೆ ಅಲ್ಲಿಯೇ ಬೆನ್ನು ತಟ್ಟುವವರಿದ್ದಾರೆ. ವಸಂತದ ಓಟಕ್ಕೆ ತಯಾರಿ ನಡೆಯಬೇಕಾದದ್ದು ಇಂಗ್ಲೆಂಡಿನ ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಕಂದುಬಣ್ಣದ ಹೆಂಗಸೊಬ್ಬಳು ಬೀದಿದೀಪಗಳನ್ನು ಎಣಿಸುತ್ತ, ಕಿವಿಗೆ ಹಾಡು ಹಾಕಿಕೊಳ್ಳದೆ, ಹಿಂದೆ ಬರುವ ಕಾರಿನ ಸದ್ದಿಗೆ ಕಿವಿಗೊಟ್ಟು ಓಡುತ್ತಾಳೆ. ಅದನ್ನು ಮಾನಸಿಕ ತಡೆ ಎಂದು ಕರೆದು, ಮೀರುವ ಹೊಣೆಯನ್ನು ಅವಳ ತಲೆಗೇ ಕಟ್ಟುವುದು ಸುಲಭ. ಬೀದಿಗೆ ದೀಪ ಹಾಕಿಸುವುದು ನಗರಸಭೆಯ ಖರ್ಚು.

ಏರಿನ ಪ್ರಯೋಗ ಮಾಡಿದ ಪ್ರಾಫಿಟ್ 2008ರಲ್ಲಿ ಇತರರೊಡನೆ ಸೇರಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಒಂಟಿಯಾಗಿ ನಿಂತವರಿಗಿಂತ ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡವರು ಅದೇ ಏರನ್ನು ಕಡಿಮೆ ಕಡಿದೆಂದು ಅಂದಾಜಿಸಿದರು. ಪ್ರಯೋಗಾಲಯದ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣವೆನ್ನುವವರಿಗೆ ಶೆಫೀಲ್ಡಿನ ಬೀದಿಗಳೇ ಒಂದು ಸಾಕ್ಷಿ ಹೇಳಿವೆ.

2014ರ ಏಪ್ರಿಲ್ 6ರಂದು ಸಾವಿರಾರು ಓಟಗಾರರು ಆರಂಭದ ಗೆರೆಯ ಬಳಿ ಕಾದು ನಿಂತಿದ್ದರು. ಆಗಿನ ದಾರಿ ಬೇರೆಯಿತ್ತು. ಬೆಟ್ಟ ಹತ್ತಿಸುವ ಮಾರ್ಗ ಬಂದದ್ದು ಮರುವರ್ಷ. ದಾರಿಯುದ್ದಕ್ಕೂ ಇಡಬೇಕಾದ ಕುಡಿಯುವ ನೀರು ಸಾಕಷ್ಟು ಬಂದಿಲ್ಲವೆಂದು ಗೊತ್ತಾಗಿ, ಓಟ ರದ್ದಾಯಿತೆಂದು ಕೊನೆಗಳಿಗೆಯಲ್ಲಿ ಸಾರಿದರು. ತಿಂಗಳುಗಟ್ಟಲೆ ಮಳೆ ಚಳಿಗಳಲ್ಲಿ ಕಾಲು ಸವೆಸಿದ್ದ ಜನ ಕೇಳಲಿಲ್ಲ, ಓಡಿಯೇ ಬಿಟ್ಟರು. ನೀರಿಲ್ಲದೆ 21 ಕಿಲೋಮೀಟರ್ ಓಡುವುದು ಹುಂಬತನ. ರದ್ದು ಮಾಡಿದವರದು ತಪ್ಪು ನಿರ್ಧಾರವೇನಲ್ಲ. ಅಂದು ಆ ಓಟಗಾರರನ್ನು ಕಾಪಾಡಿದ್ದು ಅವರ ಸಂಕಲ್ಪಬಲವೂ ಅಲ್ಲ. ನೋಡಲು ಬಂದಿದ್ದವರು ತಮ್ಮ ಬಾಟಲಿಗಳನ್ನು ಕೊಟ್ಟರು, ದಾರಿಬದಿಯ ನಿವಾಸಿಗಳು ಮನೆಯಿಂದ ನೀರು ತಂದುಕೊಟ್ಟರು. ಹೆಸರು ಕೇಳದೆ, ಬಣ್ಣ ನೋಡದೆ ಬಾಯಾರಿದವರಿಗೆ ನೀರು ಕೊಡುವುದು ಅರವಟ್ಟಿಗೆಯ ನಾಡಿನಿಂದ ಬಂದವರಿಗೆ ಹೊಸದಲ್ಲ.

ಈಗಲೂ ಇಂಥ ಓಟಗಳ ದಿನ ಇಂಗ್ಲೆಂಡಿನ ಬೀದಿಬದಿಯಲ್ಲಿ ಜನ ಕಿತ್ತಳೆ ಸೀಳುಗಳ ತಟ್ಟೆ, ಜೆಲ್ಲಿ ಬೇಬಿ ಮಿಠಾಯಿಯ ಡಬ್ಬಿಗಳನ್ನು ಹಿಡಿದು ನಿಲ್ಲುತ್ತಾರೆ. ಜೆಲ್ಲಿ ಬೇಬಿಗಳಿಗೆ ಹೆಸರಾದ ಬ್ಯಾಸೆಟ್ಸ್ ಶೆಫೀಲ್ಡಿನಲ್ಲೇ ಹುಟ್ಟಿದ ಕಂಪನಿ. ಅದರಲ್ಲಿ ಜೆಲಾಟಿನ್ ಇರುವುದರಿಂದ ಸಸ್ಯಾಹಾರಿ ಕನ್ನಡಿಗರು ಕೈಯಾಡಿಸಿ ಬೇಡವೆಂದು ಮುಂದೆ ಹೋಗಬೇಕಾಗುತ್ತದೆ. ಏರಿನ ನಡುವೆ, ಮಾತು ಹೊರಡದಷ್ಟು ಏದುಸಿರು ಬಿಡುತ್ತಿರುವಾಗ, ಡಬ್ಬಿ ಹಿಡಿದು ನಿಂತ ಆರು ವರ್ಷದ ಹುಡುಗಿಗೆ ಅದನ್ನು ವಿವರಿಸುವುದು ಕಷ್ಟ. ಅವಳು ಒಂದು ಕ್ಷಣ ಮುಖ ಸಣ್ಣದು ಮಾಡಿಕೊಂಡು, ಅಮ್ಮನ ಕೈಯಲ್ಲಿದ್ದ ಕಿತ್ತಳೆ ತಟ್ಟೆಯನ್ನು ಎಳೆದು ತಂದು, ಇವರ ಪಕ್ಕದಲ್ಲಿ ನಾಲ್ಕು ಹೆಜ್ಜೆ ತಾನೂ ಓಡಿ ಬರುತ್ತಾಳೆ.