‘ಎಗ್ಸಾಕ್ಟಿಂಗ್’: ನಿಖರವೂ ಅಲ್ಲ, ನಿಷ್ಠುರವೂ ಅಲ್ಲ

ಇಂಗ್ಲಿಷಿನ ‘ಎಗ್ಸಾಕ್ಟಿಂಗ್’ ಎಂಬ ಗುಣವಾಚಕಕ್ಕೆ ‘ನಿಖರ’ ಎಂದು ಬರೆದು ಮುಂದೆ ಸಾಗುವ ಅನುವಾದಕರು ಕಡಿಮೆಯಿಲ್ಲ. ನಿಖರವಾದುದು ‘ಎಗ್ಸಾಕ್ಟ್’; ಆ ನಿಖರತೆಯನ್ನು ಪಟ್ಟುಹಿಡಿದು ಕೇಳುವಂಥದು ‘ಎಗ್ಸಾಕ್ಟಿಂಗ್’. ತಕ್ಕಡಿಯ ತೂಕ ನಿಖರ. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಒಪ್ಪದ ಅಕ್ಕಸಾಲಿಗ ‘ಎಗ್ಸಾಕ್ಟಿಂಗ್’.

ಎರಡಕ್ಕೂ ಮೂಲ ‘ಎಕ್ಸಿಗೆರೆ’ ಎಂಬ ಲ್ಯಾಟಿನ್ ಕ್ರಿಯಾಪದ. ಹೊರದೂಡು, ಒತ್ತಾಯಿಸಿ ಪಡೆ, ಅಳೆದು ತೂಗು ಎಂಬವು ಅದರ ಅರ್ಥಗಳು. ಇಂಗ್ಲಿಷಿನಲ್ಲಿ ‘ಎಗ್ಸಾಕ್ಟ್’ ಕ್ರಿಯಾಪದವಾದಾಗ ಕಪ್ಪಕಾಣಿಕೆಗಳನ್ನು ಬಲವಂತದಿಂದ ವಸೂಲು ಮಾಡುವುದೆಂಬ ಅರ್ಥ ಇಂದಿಗೂ ಉಂಟು. ಗುಣವಾಚಕ ಹುಟ್ಟಿದ್ದು ಈ ಕ್ರಿಯಾಪದದಿಂದಲೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಕನ್ನಡ ಗಾದೆ ಈ ಪದದ ಒಳಗುಟ್ಟನ್ನು ಮೊದಲೇ ಅರಿತಂತಿದೆ!

ಮುಂಬಯಿಯ ಕನ್ನಡಿಗರ ಕಿವಿಗೆ ಮರಾಠಿಯ ‘ಕಾಟೇಕೋರ್’ ನಿತ್ಯ ಬೀಳುತ್ತದೆ. ಚೆನ್ನೈಯವರಿಗೆ ತಮಿಳಿನ ‘ಕರಾರ್’ ಪರಿಚಿತ. ಕನ್ನಡದಲ್ಲಿ ‘ಕರಾರು’ ಒಪ್ಪಂದವಾಗಿ ನಿಂತಿತು, ‘ಕರಾರುವಾಕ್ಕು’ ನಿಖರತೆಯ ಕಡೆಗೆ ಹೋಯಿತು. ಉಳಿದದ್ದು ‘ಕಟ್ಟುನಿಟ್ಟು’ ಮತ್ತು ‘ನಿಷ್ಠುರ’. ಕಟ್ಟುನಿಟ್ಟು ನಿಯಮಪಾಲನೆಯ ಮಾತು. ನಿಯಮವನ್ನೆಲ್ಲ ಪಾಲಿಸಿಯೂ ಕಳಪೆಯಾಗಿರುವ ಪ್ರಬಂಧಗಳುಂಟು. ನಿಷ್ಠುರವೋ ಸ್ವಭಾವದ ಮಾತು.

ತೊಡಕು ಇರುವುದು ಇಲ್ಲಿಯೇ. ಪಾಠಾಂತರಗಳನ್ನು ಸರಿಯಾಗಿ ನಮೂದಿಸಿಲ್ಲವೆಂದು ಪ್ರಬಂಧವನ್ನು ಹಿಂದಿರುಗಿಸಿದ ಮಾರ್ಗದರ್ಶಕರಿಗೆ ‘ನಿಷ್ಠುರಿ’ ಎಂಬ ಹೆಸರು ಅಂಟಿದೊಡನೆ, ಅವರ ಕೇಳಿಕೆ ನ್ಯಾಯವೇ ಎಂಬ ಪ್ರಶ್ನೆ ಮರೆಯಾಗುತ್ತದೆ. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬರುವವರೇ ನಾಲ್ಕು ಜನ, ಅವರನ್ನೂ ನೋಯಿಸುವುದೇಕೆಂಬ ಕರುಣೆ ಮೆಲ್ಲನೆ ಅಳತೆಗೋಲನ್ನೇ ಮೊಟಕುಗೊಳಿಸುತ್ತದೆ. ಆ ಕರುಣೆಯ ಬೆಲೆ ತೆರುವವರು ಆ ನಾಲ್ವರೇ. 1949ರಲ್ಲಿ ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ಯರ ವಿದ್ವತ್ತು ಮೊದಲು ಕಂದಾಯ ಎತ್ತಿದ್ದು ತನ್ನಿಂದಲೇ.

ಈ ಪದಕ್ಕೆ ಒಂದೇ ಪ್ರತಿಪದವನ್ನು ಟಂಕಿಸಬೇಕೆಂಬ ಹಟ ಅನಗತ್ಯ. ಕನ್ನಡ ಇಂಥಲ್ಲಿ ಕ್ರಿಯಾಪದವನ್ನು ನೆಚ್ಚುವ ಭಾಷೆ. ಕೆಲಸವಾದರೆ ‘ಎಡೆಬಿಡದ ಎಚ್ಚರವನ್ನು ಬೇಡುವ ಕೆಲಸ’. ಮಾನದಂಡವಾದರೆ ‘ರಿಯಾಯಿತಿಯಿಲ್ಲದ ಮಾನದಂಡ’. ವ್ಯಕ್ತಿಯಾದರೆ ‘ಅರೆಕೊರೆಯನ್ನು ಒಪ್ಪದ ಗುರು’. ‘ಬೇಡು’ ಎಂಬುದರಲ್ಲಿ ಯಾಚನೆಯ ದನಿ ಉಂಟೆಂದು ಆಕ್ಷೇಪಿಸುವವರಿರಬಹುದು. ಆದರೆ ಬೇಡುವುದು ಇಲ್ಲಿ ಮನುಷ್ಯನಲ್ಲ, ಕೆಲಸ. ಕೆಲಸದ ಬೇಡಿಕೆಯನ್ನು ಭಿಕ್ಷೆಯೆಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ.